ಬಿಚ್ಚಿ ಕಟ್ಟಿದವರ ವಿಮಾನಗಳು

ಮೇಜಿನ ಮೇಲೆ ಇಟ್ಟಿರುವುದು ಐದಿಂಚಿನ ಕ್ವಾಡ್. ಕ್ವಾಡ್ ಅಂದರೆ ನಾಲ್ಕು ಮೋಟರಿನ ಡ್ರೋನ್. ಐದಿಂಚು ಅನ್ನೋದು ಅದರ ಪ್ರಾಪ್, ಅಂದರೆ ಫ್ಯಾನಿನಂಥ ಪ್ರೊಪೆಲರ್‌ನ ಅಳತೆ. ಬ್ಯಾಟರಿ ಸೇರಿದರೂ ಮುಕ್ಕಾಲು ಕೆ.ಜಿ. ಆಗುವುದಿಲ್ಲ. ಗಂಟೆಗೆ ನೂರು ಕಿಲೋಮೀಟರನ್ನು ಸಲೀಸಾಗಿ ದಾಟುತ್ತದೆ. ಪ್ರಾಪ್ ಬಿಚ್ಚಿಟ್ಟಿದ್ದೇನೆ, ಧೈರ್ಯವಾಗಿ ಕೈಗೆತ್ತಿಕೊಳ್ಳಿ, ಪಕ್ಕದವರಿಗೂ ಕೊಡಿ. ನಾನು ಮಾತಾಡುತ್ತಿರುವಾಗ ಅದು ಸಾಲಿನಿಂದ ಸಾಲಿಗೆ ಹೋಗುತ್ತಿರಲಿ.

ನೋಡುವಾಗ ಒಂದು ವಿಷಯ ಗಮನದಲ್ಲಿರಲಿ. ಇದರ ಒಳಗಿನ ಎಷ್ಟೋ ಭಾಗಗಳು ಬೇರೆ ಯಾವುದೋ ಕೆಲಸಕ್ಕೆ ಹುಟ್ಟಿದವು. ತಿರುಗುವಿಕೆ ಅಳೆಯುವ ಗೈರೋ ಚಿಪ್ ಮೊಬೈಲ್ ಮತ್ತು ವಿಡಿಯೋ ಗೇಮ್ ಕಡೆಯಿಂದ ಬಂತು. ಬ್ಯಾಟರಿಯ ರಸಾಯನ ಮೊಬೈಲ್, ಲ್ಯಾಪ್‌ಟಾಪ್‌ಗಳದ್ದು. ರೇಡಿಯೋ ಚಿಪ್‌ನ ತಂತ್ರ ನೀರಿನ ಮೀಟರು, ಹೊಲದ ಸೆನ್ಸರುಗಳನ್ನು ದೂರದಿಂದ ಓದಲು ಬಳಸುವಂಥದ್ದು. ಹವ್ಯಾಸಿಗಳಿಗೆ ಬೇಕು ಅಂತ ಯಾರೂ ಇದನ್ನೆಲ್ಲ ಕೂತು ಮಾಡಿಕೊಡಲಿಲ್ಲ. ಬಿಚ್ಚಿ ನೋಡಿದವರು, ತಂತಿ ಸುತ್ತಿದವರು, ರಾತ್ರಿ ಕೂತು ಕೋಡ್ ಬರೆದವರು ತಾವೇ ಕಟ್ಟಿಕೊಂಡರು. ಇವತ್ತು ನಾನು ಹೇಳಲು ಬಂದಿರುವುದು ಅವರ ಕತೆ.

ರೇಡಿಯೋ ನಿಯಂತ್ರಣ ಹೊಸದೇನಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿ ಇಟ್ಟು ತಂತಿಯಿಲ್ಲದೆ ದೋಣಿ ಓಡಿಸಿ ತೋರಿಸಿದ್ದರು. ಹವ್ಯಾಸಿಗಳ ವಿಮಾನಕ್ಕೆ ಇನ್ನೂ ನಾಲ್ಕು ದಶಕ ಬೇಕಾಯಿತು. ಅಮೆರಿಕದ ಮಿಶಿಗನ್‌ನಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಅನ್ನೋ ಅವಳಿ ಸಹೋದರರಿದ್ದರು. 1937ರಲ್ಲಿ ಅವರು 'ಗಫ್' ಅನ್ನೋ ಎಂಟಡಿ ರೆಕ್ಕೆಯ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಆಗ ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರ್ ಅಂದರೆ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್.

ಮುಂದಿನ ಹಲವು ವರ್ಷ ಸಾಮಾನ್ಯ ಹವ್ಯಾಸಿಯ ಕೈಲಿದ್ದದ್ದು ಒಂದೇ ಒಂದು ಬಟನ್. ವಿಮಾನದ ಒಳಗೆ ತಿರುಚಿಟ್ಟ ರಬ್ಬರ್ ಬ್ಯಾಂಡ್. ಒತ್ತಿದರೆ ರಡ್ಡರ್ (ವಿಮಾನ ತಿರುಗಿಸುವ ಬಾಲದ ಹಲಗೆ) ಬಲಕ್ಕೆ, ಬಿಟ್ಟರೆ ನೇರ, ಮತ್ತೆ ಒತ್ತಿದರೆ ಎಡಕ್ಕೆ. ಕಳೆದ ಸಲ ಯಾವ ಕಡೆ ತಿರುಗಿಸಿದ್ದೆ ಅನ್ನೋದನ್ನು ಹಾರಿಸುವವನೇ ನೆನಪಿಟ್ಟುಕೊಳ್ಳಬೇಕು. ರಬ್ಬರ್ ಬ್ಯಾಂಡ್ ಸಡಿಲವಾಗುವುದರೊಳಗೆ ಇಳಿಸಲೂ ಬೇಕು. ಸ್ಟಿಕ್ ಎಷ್ಟು ತಳ್ಳಿದರೆ ರಡ್ಡರ್ ಅಷ್ಟೇ ತಿರುಗುವ ಏರ್ಪಾಟು ಚಾಲ್ತಿಗೆ ಬಂದದ್ದು 1960ರ ದಶಕದಲ್ಲಿ. ರಡ್ಡರ್ ತಿರುಗಿಸುವ ಪುಟ್ಟ ಮೋಟರು, ಅಂದರೆ ಸರ್ವೋ, ಇವತ್ತಿಗೂ ಅದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಸೆಕೆಂಡಿಗೆ ಸುಮಾರು 50 ಸಲ ಒಂದು ಪಲ್ಸ್. ಪಲ್ಸ್ 1 ಮಿಲಿಸೆಕೆಂಡ್ ಇದ್ದರೆ ಒಂದು ತುದಿ, 2 ಇದ್ದರೆ ಇನ್ನೊಂದು ತುದಿ, ಒಂದೂವರೆ ಇದ್ದರೆ ಮಧ್ಯ.

ರೇಡಿಯೋ ವಿಷಯ ಇನ್ನೂ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಹಿಂದೆ ಜಾಸ್ತಿ ವಿಮಾನ ಬಿದ್ದದ್ದು ಇದರಿಂದಲೇ. ಕೈಲಿರುವ ಟ್ರಾನ್ಸ್‌ಮಿಟರ್‌ಗೆ ಆವರ್ತನ ಗೊತ್ತುಮಾಡುವ ಒಂದು ಕ್ರಿಸ್ಟಲ್, ವಿಮಾನದ ರಿಸೀವರ್‌ಗೆ ಅದರ ಜೋಡಿ. ಒಂದೇ ಚಾನೆಲ್‌ನಲ್ಲಿ ಇಬ್ಬರು ಆನ್ ಮಾಡಿದರೆ ಗಾಳಿಯಲ್ಲಿರುವುದು ನೆಲಕ್ಕೆ. ಅದಕ್ಕೆ ಮೈದಾನದಲ್ಲಿ ಹಲಗೆ ನಿಲ್ಲಿಸಿ ಚಾನೆಲ್‌ಗೊಂದರಂತೆ ಕ್ಲಿಪ್ ಸಿಕ್ಕಿಸಿಡುತ್ತಿದ್ದರು. ಕ್ಲಿಪ್ ಯಾರ ಹತ್ತಿರ ಇದೆಯೋ ಅವರು ಮಾತ್ರ ರೇಡಿಯೋ ಆನ್ ಮಾಡಬೇಕು. ಉಳಿದವರು ಕಾಯಬೇಕು.

2005ರ ಸುಮಾರಿಗೆ ಸ್ಪೆಕ್ಟ್ರಮ್ ಕಂಪನಿಯ ಡಿಎಕ್ಸ್6 ರೇಡಿಯೋ ಬಂತು. ವೈ-ಫೈ, ಬ್ಲೂಟೂತ್ ಇರುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಅದೂ ಕೆಲಸ ಮಾಡುತ್ತಿತ್ತು. ರಿಸೀವರ್ ತನ್ನ ರೇಡಿಯೋದ ಗುರುತು ಹಿಡಿದು ಅದರ ಮಾತು ಮಾತ್ರ ಕೇಳುತ್ತದೆ. ಇದಕ್ಕೆ ಬೈಂಡ್ ಮಾಡೋದು ಅಂತೀವಿ. ಆಮೇಲೆ ಒಂದೇ ಆವರ್ತನದಲ್ಲಿ ಕೂರದೆ ಕ್ಷಣಕ್ಷಣಕ್ಕೂ ಜಾಗ ಬದಲಿಸುವ ರೇಡಿಯೋಗಳು ಬಂದವು. ಮೈದಾನದ ಕ್ಲಿಪ್ ಹಲಗೆ ಮೂಲೆ ಸೇರಿತು.

ಆವರ್ತನ ಜಿಗಿಸುವ ಮಾತು ಬಂದಾಗ ಹಾಲಿವುಡ್ ನಟಿ ಹೆಡಿ ಲಮಾರ್ ಹೆಸರು ಬಂದೇ ಬರುತ್ತದೆ. ಅವರು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಜೊತೆ ಸೇರಿ ಪಡೆದ ಪೇಟೆಂಟ್ 1942ರದ್ದು. ಶತ್ರು ಅಡ್ಡಿ ಮಾಡಲಾಗದಂತೆ ಟಾರ್ಪಿಡೋ ನಡೆಸುವ ಉಪಾಯ ಅದು. ಪಿಯಾನೋದ ಮನೆಗಳಂತೆ 88 ಆವರ್ತನ. ತಾನೇ ನುಡಿಯುವ ಪಿಯಾನೋಗೆ ಹಾಕುವಂಥ ತೂತಿನ ಕಾಗದದ ಸುರುಳಿ ಎರಡೂ ಕಡೆ ಒಂದೇ ಸಮ ಓಡಬೇಕು. ಈ ಯೋಚನೆ ಅವರಿಗಿಂತ ಮುಂಚೆಯೂ ಕೆಲವರಿಗೆ ಹೊಳೆದಿತ್ತು, ಇಡೀ ವೈ-ಫೈ ಅವರೇ ಕಂಡುಹಿಡಿದರು ಅನ್ನೋದು ಉತ್ಪ್ರೇಕ್ಷೆ. ಆದರೂ ನಟಿಯೊಬ್ಬರು, ಸಂಗೀತಗಾರರೊಬ್ಬರು ಮನೆಯಲ್ಲಿ ಕೂತು ಇಂಥದ್ದನ್ನು ಯೋಚಿಸಿದರಲ್ಲ, ಅದು ನನಗೆ ತುಂಬ ಇಷ್ಟ.

ಈಗ ನಿಮ್ಮ ಕೈಯಲ್ಲಿರುವ ಕ್ವಾಡ್‌ನ ಹಿಂಭಾಗ ನೋಡಿ. ಕಿರುಬೆರಳಿನ ಉಗುರಿನಷ್ಟು ಒಂದು ಹಸಿರು ಬೋರ್ಡ್ ಇದೆಯಲ್ಲ, ಅದೇ ರಿಸೀವರ್. ಒಂದು ಗ್ರಾಂ ಕೂಡ ತೂಗುವುದಿಲ್ಲ. ಅದರಲ್ಲಿ ಓಡುವುದು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಅನ್ನೋ ಮುಕ್ತ ಸಾಫ್ಟ್‌ವೇರ್, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದದ್ದು. ಅದರ ತಳದಲ್ಲಿರುವ ಲೋರಾ ಅನ್ನೋ ರೇಡಿಯೋ ತಂತ್ರ ಫ್ರಾನ್ಸ್‌ನ ಗ್ರೆನೋಬಲ್‌ನ ಸೈಕ್ಲಿಯೋ ಅನ್ನೋ ಪುಟ್ಟ ಕಂಪನಿಯದ್ದು, 2012ರಲ್ಲಿ ಸೆಮ್‌ಟೆಕ್ ಅನ್ನೋ ಚಿಪ್ ಕಂಪನಿ ಅದನ್ನು ಕೊಂಡುಕೊಂಡಿತು. 100 ಮಿಲಿವಾಟ್‌ನಲ್ಲಿ ಹೊರಟ ಸಿಗ್ನಲ್ ಲಕ್ಷ ಕೋಟಿ ಪಟ್ಟು ಕುಗ್ಗಿ ಬಂದರೂ ಇದು ಓದಿಕೊಳ್ಳುತ್ತದೆ. ಹೊಲದ ತೇವಾಂಶ ಗಂಟೆಗೊಮ್ಮೆ ಕಳಿಸುವಂಥ ತಂತ್ರ ಇದು. ಹವ್ಯಾಸಿಗಳು ಅದನ್ನು ಸೆಕೆಂಡಿಗೆ ನೂರಾರು ಸಲ ಸ್ಟಿಕ್‌ನ ಜಾಗ ಕಳಿಸುವಂತೆ ಮಾಡಿದರು. ನಮ್ಮ ದೇಶದಲ್ಲಿ ಪರವಾನಗಿ ಬೇಡದ 866 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿಯೂ ಇದೆ. ಆ ಸಾಫ್ಟ್‌ವೇರ್‌ನಲ್ಲಿ ದೇಶ ಆರಿಸುವ ಜಾಗದಲ್ಲಿ ಭಾರತಕ್ಕೆ ಬೇರೆಯದೇ ಆಯ್ಕೆ ಇಟ್ಟಿದ್ದಾರೆ.

ಸಿಗ್ನಲ್ ತಪ್ಪಿದರೆ ಏನಾಗಬೇಕು? ಅದು ಫೇಲ್‌ಸೇಫ್. ಹಾರಿಸುವ ಮುಂಚೆ ಪ್ರಾಪ್ ಬಿಚ್ಚಿ, ಮೋಟರ್ ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ನಿಲ್ಲದೆ ಹಾಗೇ ಓಡುತ್ತಿದ್ದರೆ ಅವತ್ತು ಹಾರಾಟ ಇಲ್ಲ. ಎಷ್ಟು ವರ್ಷ ಹಾರಿಸಿದವರಾದರೂ ಈ ಪರೀಕ್ಷೆಯನ್ನು ಬಿಡಬಾರದು.

ಇನ್ನು ಮೋಟರ್. ಅದರ ಮೇಲೆ 2207 ಅಂತ ಇದೆ. ಒಳಗಿನ ಸ್ಟೇಟರ್, ಅಂದರೆ ತಂತಿ ಸುತ್ತಿದ, ತಿರುಗದ ಭಾಗ, 22 ಮಿ.ಮೀ. ಅಗಲ, 7 ಮಿ.ಮೀ. ಎತ್ತರ. ಪಕ್ಕದಲ್ಲಿ 1950 ಕೆವಿ ಅಂತ ಇದೆ. ಇದು ಕಿಲೋವೋಲ್ಟ್ ಅಲ್ಲ. ಪ್ರಾಪ್ ಇಲ್ಲದೆ ಖಾಲಿ ಓಡಿಸಿದರೆ ಒಂದೊಂದು ವೋಲ್ಟಿಗೆ ನಿಮಿಷಕ್ಕೆ 1950 ಸುತ್ತು ಅಂತ ಅರ್ಥ. ಹೊರಗಿನ ಬಟ್ಟಲನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಕಟ್ ಕಟ್ ಅಂತ ತಡೆಯುತ್ತದೆ, ಅಲ್ವಾ? ಒಳಗಿನ 12 ಕಬ್ಬಿಣದ ಹಲ್ಲುಗಳನ್ನು ಬಟ್ಟಲಿನ 14 ಅಯಸ್ಕಾಂತಗಳು ಎಳೆದು ಹಿಡಿಯುತ್ತಿವೆ.

ಇಂಥ ಹೊರಸುತ್ತಿನ ಮೋಟರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮುಂಚೆ ಹವ್ಯಾಸಿಗಳು ಏನು ಮಾಡಿದರು ಗೊತ್ತಾ? 2000ದ ಶುರುವಿನಲ್ಲಿ ಹಾಳಾದ ಸಿ.ಡಿ. ಡ್ರೈವ್‌ಗಳನ್ನು ಬಿಚ್ಚಿದರು. ತಟ್ಟೆ ತಿರುಗಿಸುವ ಪುಟ್ಟ ಮೋಟರ್ ತೆಗೆದು, ಅದರ ತೆಳು ತಂತಿ ಬಿಚ್ಚಿ ಹಾಕಿ ದಪ್ಪ ತಾಮ್ರದ ತಂತಿ ಸುತ್ತಿದರು. ಸಪ್ಪೆ ಅಯಸ್ಕಾಂತದ ಜಾಗಕ್ಕೆ ನಿಯೋಡೈಮಿಯಂ ತುಂಡು ಅಂಟಿಸಿದರು. ಅದೇ ವಿಮಾನ ಎಳೆಯಿತು. ಯಾರು ಎಷ್ಟು ಸುತ್ತು ಸುತ್ತಿದರು, ಎಷ್ಟು ಎಳೆತ ಬಂತು ಅಂತ ಒಬ್ಬರಿಗೊಬ್ಬರು ಬರೆದುಕೊಂಡರು. ಈಗಿನ ಕಾರ್ಖಾನೆಯ ಮೋಟರ್‌ಗಳ ಹಿಂದೆ ಆ ಸಿ.ಡಿ. ಡ್ರೈವ್‌ಗಳೂ ಇವೆ.

ಮೋಟರಿಗೆ ಮೂರು ತಂತಿ. ಅದರ ವೇಗ ನಿಯಂತ್ರಿಸುವ ಬೋರ್ಡಿಗೆ ಇಎಸ್‌ಸಿ ಅಂತೀವಿ. ಅದು ಯಾವಾಗಲೂ ಎರಡು ತಂತಿಗೆ ಕರೆಂಟ್ ಕೊಟ್ಟು ಮೂರನೆಯದರಲ್ಲಿ ಸುಮ್ನೆ ಕೇಳಿಸಿಕೊಳ್ಳುತ್ತದೆ. ತಿರುಗುವ ಅಯಸ್ಕಾಂತ ಆ ಖಾಲಿ ತಂತಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಅದು ಸೊನ್ನೆ ದಾಟಿದ ಗಳಿಗೆ ಹಿಡಿದು ಇಎಸ್‌ಸಿ ಮುಂದಿನ ಜೋಡಿಗೆ ಬದಲಾಯಿಸುತ್ತದೆ. ಲೆಕ್ಕ ಹಾಕೋಣ. ನಿಮಿಷಕ್ಕೆ 30,000 ಸುತ್ತು ಅಂದರೆ ಸೆಕೆಂಡಿಗೆ 500. 14 ಅಯಸ್ಕಾಂತ ಅಂದರೆ 7 ಜೋಡಿ. ಒಂದೊಂದು ಜೋಡಿಗೆ 6 ಬದಲಾವಣೆ. 500 ಗುಣಿಸು 7 ಗುಣಿಸು 6, ಒಟ್ಟು 21,000. ಒಂದು ಸೆಕೆಂಡಿಗೆ ಇಪ್ಪತ್ತೊಂದು ಸಾವಿರ ಸಲ, ಒಂದು ಮೋಟರಿಗೆ. ಇಲ್ಲಿ ನಾಲ್ಕಿವೆ.

ಈ ಇಎಸ್‌ಸಿಗಳಲ್ಲಿ ಬಹಳ ಕಾಲ ಬಿಎಲ್‌ಹೆಲಿ_32 ಅನ್ನೋ ಸಾಫ್ಟ್‌ವೇರ್ ಓಡುತ್ತಿತ್ತು. ಅದರ ಕೋಡ್ ಮುಚ್ಚಿಟ್ಟದ್ದು. 2024ರಲ್ಲಿ ಅದು ನಿಂತುಹೋಯಿತು. ಆದರೆ ಎಎಂ32 ಅನ್ನೋ ಮುಕ್ತ ಸಾಫ್ಟ್‌ವೇರ್ ಆಗಲೇ ತಯಾರಿತ್ತು, ತಯಾರಕರು ಅದಕ್ಕೆ ಬಂದರು. ಕೋಡ್ ಎಲ್ಲರ ಕೈಯಲ್ಲಿರಬೇಕು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಬ್ಯಾಟರಿ ಬಗ್ಗೆ ಎರಡೇ ಮಾತು. ಹಳೇ ನಿಕ್ಕಲ್-ಕ್ಯಾಡ್ಮಿಯಂ ಸೆಲ್‌ಗೆ 1.2 ವೋಲ್ಟ್. ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಸೆಲ್‌ಗೆ 3.7, ಪೂರ್ತಿ ತುಂಬಿದಾಗ 4.2. ಅಷ್ಟೇ ಶಕ್ತಿಗೆ ತೂಕ ತೀರ ಕಡಿಮೆ. ಇಂಥ ಕ್ವಾಡ್ ಪೂರ್ತಿ ಥ್ರಾಟಲ್‌ನಲ್ಲಿ ನೂರು ಆಂಪಿಯರ್‌ಗೂ ಮೀರಿ ಎಳೆಯುತ್ತದೆ, ನಿಮ್ಮ ಮನೆಯ ಮೇನ್ ಫ್ಯೂಸ್ ತಡೆಯದಷ್ಟು. ಅದಕ್ಕೇ ಅದು ಅಪಾಯದ ವಸ್ತು ಕೂಡ. ಚಾರ್ಜಿಗೆ ಹಾಕಿ ಮಲಗಬೇಡಿ. ಎತ್ತಿಡುವಾಗ ಸೆಲ್‌ಗೆ 3.8 ವೋಲ್ಟ್ ಇರಲಿ. ಊದಿಕೊಂಡದ್ದನ್ನು ಮತ್ತೆ ಬಳಸಬೇಡಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ, ಗೈರೋ. ಕ್ವಾಡ್‌ಗೆ ತಾನಾಗಿ ನಿಲ್ಲುವ ಗುಣವೇ ಇಲ್ಲ. ಬಾಲ ಇಲ್ಲ, ರೆಕ್ಕೆ ಇಲ್ಲ. ಅರೆ ಕ್ಷಣ ಬಿಟ್ಟರೆ ಮಗುಚುತ್ತದೆ. ಮನುಷ್ಯನ ಕೈ ಇದನ್ನು ಹಿಡಿದು ನಿಲ್ಲಿಸಲಾರದು. ನಿಲ್ಲಿಸುತ್ತಿರುವುದು ಮಧ್ಯದ ಬೋರ್ಡಿನ ಮೇಲಿರುವ 3 ಮಿ.ಮೀ. ಉದ್ದದ ಕರಿ ಚೌಕ. ಅದರ ಒಳಗೆ ಸಿಲಿಕಾನ್‌ನಲ್ಲಿ ಕೆತ್ತಿದ ಪುಟಾಣಿ ತೂಕವೊಂದು ಸದಾ ಕಂಪಿಸುತ್ತಿರುತ್ತದೆ. ಚಿಪ್ ತಿರುಗಿದರೆ ಆ ಕಂಪನ ಪಕ್ಕಕ್ಕೆ ವಾಲುತ್ತದೆ. ವಾಲಿದ್ದು ಎಷ್ಟು ಅಂತ ಅಳೆದು ಸೆಕೆಂಡಿಗೆ ಸಾವಿರಾರು ಸಲ ಹೇಳುತ್ತದೆ.

2009ರಲ್ಲಿ ನಿಂಟೆಂಡೋ ಕಂಪನಿ ವೀ ಮೋಷನ್ ಪ್ಲಸ್ ಅನ್ನೋ ಬಿಡಿಭಾಗ ಮಾರಿತು. ಗೇಮ್ ರಿಮೋಟಿಗೆ ಸಿಕ್ಕಿಸುವಂಥದ್ದು, ಒಳಗೆ ಗೈರೋ. ಫ್ರಾನ್ಸ್‌ನ ಅಲೆಕ್ಸಾಂದ್ರ್ ದ್ಯೂಬುಸ್ ಅದನ್ನು ಒಡೆದು ಒಳಗಿನ ಬೋರ್ಡನ್ನು ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ಕೋಡ್ ಬರೆದರು. ಹೆಸರು ಮಲ್ಟಿವೀ. ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ತಿದ್ದಿ ಬೇಸ್‌ಫ್ಲೈಟ್, ಅದರಿಂದ ಕ್ಲೀನ್‌ಫ್ಲೈಟ್, ಅದರಿಂದ ಈ ಕ್ವಾಡ್‌ನಲ್ಲಿ ಓಡುತ್ತಿರುವ ಬೀಟಾಫ್ಲೈಟ್. ಒಂದು ಗೇಮ್ ರಿಮೋಟ್‌ನಿಂದ ಇಡೀ ವಂಶ ಬೆಳೆಯಿತು.

ಬೀಟಾಫ್ಲೈಟ್ ಒಳಗೆ ನಡೆಯುವುದು ಪಿಐಡಿ, ಅಂದರೆ ವಾಲಿದ್ದನ್ನು ಸರಿಪಡಿಸುವ ಲೆಕ್ಕ. ಇಂಜಿನಿಯರಿಂಗ್ ಓದುವವರು ಪರೀಕ್ಷೆಗೆ ಸೂತ್ರ ಬರೆದಿರುತ್ತೀರಿ. ಸ್ಕೂಟರ್‌ನಲ್ಲಿ ಹೋಗುವಾಗ ಪಕ್ಕದಿಂದ ಗಾಳಿ ಹೊಡೆದರೆ ಏನು ಮಾಡುತ್ತೀರಿ? ಎಷ್ಟು ವಾಲಿತೋ ಅಷ್ಟು ಎದುರು ಕಡೆಗೆ ಎಳೆಯುತ್ತೀರಿ. ಅದು ಪಿ. ಗಾಳಿ ಬಿಡದೆ ಬೀಸುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಗಾಳಿಯ ಕಡೆಗೇ ಒರಗಿಕೊಂಡು ಓಡಿಸುತ್ತೀರಿ. ಅದು ಐ. ನೇರಕ್ಕೆ ಬರುವಾಗ ಆಚೆ ಬದಿಗೆ ಜಾಸ್ತಿ ಹೋಗದಂತೆ ಮುಂಚೆಯೇ ಕೈ ಬಿಗಿ ಮಾಡುತ್ತೀರಿ. ಅದು ಡಿ. ಪಿ ಜಾಸ್ತಿಯಾದರೆ ಕ್ವಾಡ್ ನಡುಗುತ್ತದೆ, ಕಡಿಮೆಯಾದರೆ ಸೋಮಾರಿಯಂತೆ ತೇಲುತ್ತದೆ. ಡಿ ಜಾಸ್ತಿಯಾದರೆ ಮೋಟರ್ ಬಿಸಿಯಾಗುತ್ತದೆ. ಅದಕ್ಕೆ ಹೊಸ ಸೆಟ್ಟಿಂಗ್ ಹಾಕಿದಾಗ ಒಂದು ನಿಮಿಷ ಹಾರಿಸಿ, ಇಳಿಸಿ, ನಾಲ್ಕೂ ಮೋಟರ್ ಮುಟ್ಟಿ ನೋಡುವುದು ರೂಢಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಡಿ ಇಳಿಸಬೇಕು.

ಡಿ ಜಾಸ್ತಿಯಾದರೆ ಬಿಸಿ ಯಾಕೆ? ಡಿ ನೋಡುವುದು ಬದಲಾವಣೆಯ ವೇಗವನ್ನು. ಮೋಟರ್, ಪ್ರಾಪ್‌ಗಳ ನಡುಕವೂ ಗೈರೋಗೆ ಬದಲಾವಣೆಯಾಗಿಯೇ ಕಾಣುತ್ತದೆ. ನಿಜವಾದ ವಾಲುವಿಕೆ ಯಾವುದು, ನಡುಕ ಯಾವುದು ಅಂತ ಬೇರೆ ಮಾಡಬೇಕು. ಸುಮ್ನೆ ಜೋರಾಗಿ ಸೋಸಿದರೆ ಗೈರೋ ಸುದ್ದಿ ತಡವಾಗುತ್ತದೆ, ತಡವಾದರೆ ಹಾರಾಟ ಕೆಡುತ್ತದೆ. ಹವ್ಯಾಸಿಗಳು ಇದಕ್ಕೊಂದು ದಾರಿ ಕಂಡುಕೊಂಡರು. ಮೋಟರಿನ ವೇಗ ಇಎಸ್‌ಸಿಗೆ ಹೇಗೂ ಗೊತ್ತಿದೆ, ಆಗ ಹೇಳಿದೆನಲ್ಲ, ಖಾಲಿ ತಂತಿ ಕೇಳಿಸಿಕೊಳ್ಳುತ್ತದೆ ಅಂತ. ಆಜ್ಞೆ ಹೋದ ತಂತಿಯಲ್ಲೇ ಇಎಸ್‌ಸಿ ವಾಪಸ್ ವೇಗ ಹೇಳಲಿ. 30,000 ಸುತ್ತಿನಲ್ಲಿದ್ದರೆ ನಡುಕ 500 ಹರ್ಟ್ಸ್‌ನಲ್ಲಿ ಇರುತ್ತದೆ. ಅಷ್ಟನ್ನೇ ಕತ್ತರಿಸಿದರೆ ಸಾಕು. ವೇಗ ಬದಲಾದಂತೆ ಕತ್ತರಿಯೂ ಸರಿಯುತ್ತದೆ. 2019ರಲ್ಲಿ ಇದು ಬೀಟಾಫ್ಲೈಟ್‌ಗೆ ಸೇರಿತು. ಅಲ್ಲಿಂದ ಮುಂದೆ ಸಾಧಾರಣ ಕ್ವಾಡ್ ಕೂಡ ಬೆಣ್ಣೆಯಂತೆ ಹಾರತೊಡಗಿತು.

ಎಲೆಕ್ಟ್ರಾನಿಕ್ಸ್ ಮಾತೇ ಜಾಸ್ತಿಯಾಯಿತು. ಮೋಟರೇ ಇಲ್ಲದ ವಿಮಾನದ ಕಡೆ ಸ್ವಲ್ಪ ಹೋಗಿ ಬರೋಣ. ಹವ್ಯಾಸಿಗಳ ರೇಡಿಯೋ ಮಾದರಿಗಳಲ್ಲಿ ಬೆರಗಾಗುವಷ್ಟು ವೇಗ ಕಂಡದ್ದು ಗ್ಲೈಡರ್‌ನಲ್ಲಿ. 2021ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕರ್ ಮೌಂಟನ್‌ನಲ್ಲಿ ಸ್ಪೆನ್ಸರ್ ಲಿಸೆನ್‌ಬಿ ತಮ್ಮ ಗ್ಲೈಡರನ್ನು ಗಂಟೆಗೆ 882 ಕಿ.ಮೀ. ವೇಗಕ್ಕೆ ಒಯ್ದರು. ಪ್ರಯಾಣಿಕರ ಜೆಟ್ ಹೋಗುವಷ್ಟು ವೇಗ. ಹೇಗೆ? ಗುಡ್ಡದ ನೆತ್ತಿಯ ಮೇಲೆ ಗಾಳಿ ಜೋರಾಗಿ ಹಾಯುತ್ತದೆ. ಗುಡ್ಡದ ಹಿಂದೆ ಗಾಳಿ ಸ್ತಬ್ಧ. ಗ್ಲೈಡರ್ ಸ್ತಬ್ಧ ಗಾಳಿಯಿಂದ ಮೇಲೆದ್ದು ಎದುರುಗಾಳಿಗೆ ನುಗ್ಗಿದರೆ ರೆಕ್ಕೆಗೆ ತಾಗುವ ಗಾಳಿಯ ವೇಗ ತಟ್ಟನೆ ಏರುತ್ತದೆ. ತಿರುಗಿ ಗಾಳಿಯ ಜೊತೆ ಬಂದು ಮತ್ತೆ ಸ್ತಬ್ಧ ಗಾಳಿಗೆ ಇಳಿದರೆ ಇನ್ನೊಮ್ಮೆ ಏರುತ್ತದೆ. ಒಂದೊಂದು ಸುತ್ತಿಗೂ ಲಾಭ. ಆಲ್ಬಟ್ರಾಸ್ ಹಕ್ಕಿ ಸಮುದ್ರದ ಮೇಲೆ ರೆಕ್ಕೆ ಬಡಿಯದೆ ಹಾರುವುದು ಹೀಗೇ. 1883ರಲ್ಲೇ ಲಾರ್ಡ್ ರೇಲೆ ಈ ಲೆಕ್ಕ ವಿವರಿಸಿದ್ದರು. ಆ ತಿರುವಿನ ಎಳೆತ ತಡೆಯುವಂತೆ ಕಾರ್ಬನ್ ಫೈಬರ್ ರೆಕ್ಕೆ ಎರಕ ಹೊಯ್ಯುವುದು ಕೂಡ ದೊಡ್ಡ ತಂತ್ರಜ್ಞಾನವೇ.

ದೂರದ ಮಾತು ಬಂದರೆ ಮೇನಾರ್ಡ್ ಹಿಲ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. 2003ರ ಆಗಸ್ಟ್. ಅವರಿಗೆ 77 ವರ್ಷ. ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ, ಕಿವಿಯೂ ಮಂದ. ಅವರ ತಂಡ ಕೆನಡಾದ ನ್ಯೂಫೌಂಡ್‌ಲೆಂಡ್ ತೀರದ ಕೇಪ್ ಸ್ಪಿಯರ್‌ನಿಂದ ಟಿಎಎಂ-5 ಅನ್ನೋ ಮಾದರಿ ವಿಮಾನ ಬಿಟ್ಟಿತು. ತೂಕ 5 ಕೆ.ಜಿ. ಮೀರಬಾರದು ಅನ್ನೋದು ನಿಯಮ, ಇಂಧನವೂ ಅದರಲ್ಲೇ ಸೇರಬೇಕು. ಎಂಜಿನ್ 10 ಸಿ.ಸಿ. ಇಂಧನ ಒಂದು ಗ್ಯಾಲನ್‌ಗೂ ಕಡಿಮೆ. ತೀರ ದಾಟಿದ ಮೇಲೆ ಜಿಪಿಎಸ್ ಮತ್ತು ಆಟೋಪೈಲಟ್ ಕೈಗೆ. 38 ಗಂಟೆ 52 ನಿಮಿಷ ಕಳೆದ ಮೇಲೆ ಅದು ಐರ್ಲೆಂಡ್‌ನ ಕ್ಲಿಫ್ಡನ್ ಹತ್ತಿರ ಇಳಿಯಿತು. ಸುಮಾರು 3,030 ಕಿ.ಮೀ. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿಗೆ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿ ಇಳಿದದ್ದೂ ಅಲ್ಲೇ. ಇದಕ್ಕೂ ಮುಂಚೆ ಕಳಿಸಿದ ವಿಮಾನಗಳು ಸಮುದ್ರದ ಪಾಲಾಗಿದ್ದವು.

ಅಂಥ ಆಟೋಪೈಲಟ್ ಎಲ್ಲರಿಗೂ ಸಿಕ್ಕದ್ದು ಅರ್ಡುಪೈಲಟ್ ಅನ್ನೋ ಮುಕ್ತ ಸಾಫ್ಟ್‌ವೇರ್‌ನಿಂದ. 2007ರಲ್ಲಿ ಪತ್ರಿಕಾ ಸಂಪಾದಕ ಕ್ರಿಸ್ ಆಂಡರ್ಸನ್ ಹವ್ಯಾಸಿಗಳನ್ನು ಒಂದೆಡೆ ಸೇರಿಸಲು ಶುರು ಮಾಡಿದರು. ಮೆಕ್ಸಿಕೋದಿಂದ ಬಂದ ಜೋರ್ಡಿ ಮುನ್ಯೋಸ್ ಅನ್ನೋ ಹುಡುಗ ಗೇಮ್ ರಿಮೋಟಿನ ಸೆನ್ಸರ್ ಮತ್ತು ಆರ್ಡುಯಿನೋ ಜೋಡಿಸಿ ಆಟಿಕೆ ಹೆಲಿಕಾಪ್ಟರನ್ನು ನಿಲ್ಲಿಸಿ ತೋರಿಸಿದ. ಇಬ್ಬರೂ ಸೇರಿ ಮುಂದೆ ಕಂಪನಿ ಕಟ್ಟಿದರು. ಇವತ್ತು ಅರ್ಡುಪೈಲಟ್ ವಿಮಾನ, ದೋಣಿ, ನೆಲದ ಗಾಡಿ ಎಲ್ಲವನ್ನೂ ನಡೆಸುತ್ತದೆ. ಒಂದೊಂದು ಸಾಲು ಕೋಡನ್ನೂ ನೀವು ಓದಬಹುದು.

ಮಂಗಳ ಗ್ರಹದಲ್ಲಿ ಹಾರಿದ ಇಂಜೆನ್ಯೂಯಿಟಿ ನೆನಪಿದೆಯಲ್ಲ? 1.8 ಕೆ.ಜಿ. ಹೆಲಿಕಾಪ್ಟರ್. ಮೊದಲ ಹಾರಾಟ 2021ರ ಏಪ್ರಿಲ್ 19ರಂದು. ಐದು ಹಾರಾಟ ಸಾಕು ಅಂದುಕೊಂಡಿದ್ದರು, 72 ಹಾರಿತು. ಅದರಲ್ಲಿದ್ದದ್ದು ಮೊಬೈಲ್‌ನ ಸ್ನ್ಯಾಪ್‌ಡ್ರ್ಯಾಗನ್ 801 ಪ್ರೊಸೆಸರ್, ಅಂಗಡಿಯಲ್ಲಿ ಸಿಗುವಂಥ ಲಿಥಿಯಂ ಸೆಲ್, ಫೋನ್‌ಗಳಲ್ಲಿ ಇರುವಂಥ ಗೈರೋ. ಅದರ ಮುಖ್ಯ ಇಂಜಿನಿಯರ್ ಬಾಬ್ ಬಲರಾಮ್ ಐಐಟಿ ಮದ್ರಾಸ್‌ನಲ್ಲಿ ಓದಿದವರು. ಈ ಮೇಜಿನ ಮೇಲಿರುವ ವಸ್ತುಗಳ ಕುಲವೇ ಅಲ್ಲೂ ಹಾರಿದ್ದು.

ಕ್ವಾಡ್‌ಗಳ ರೇಸಿಂಗ್ ಬಗ್ಗೆಯೂ ಒಂದು ಮಾತು. 2023ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ಸ್ವಿಫ್ಟ್ ಅನ್ನೋ ಕ್ವಾಡ್, ತನ್ನ ಮೇಲಿನ ಕ್ಯಾಮರಾ ಮತ್ತು ಕಂಪ್ಯೂಟರ್ ನೆಚ್ಚಿಕೊಂಡು ಮೂವರು ಚಾಂಪಿಯನ್ ಪೈಲಟ್‌ಗಳ ಜೊತೆ ಓಡಿತು. 25 ಓಟದಲ್ಲಿ 15 ಗೆದ್ದಿತು. ಇದರಿಂದ ಹವ್ಯಾಸ ಮುಗಿಯಿತು ಅನ್ನೋರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾರಿಸುವ ಖುಷಿ ಗೆಲ್ಲುವುದರಲ್ಲಿ ಮಾತ್ರ ಇಲ್ಲ.

ನಮ್ಮ ಊರಿನ ಮಾತಿಗೆ ಬರುತ್ತೇನೆ. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ. ಬಿಡಿಭಾಗ ತರಿಸಬಹುದು. ಅಂದರೆ ಕಟ್ಟಿಯೇ ಹಾರಿಸಬೇಕು, ಕಲಿಯುವವರಿಗೆ ಅದು ಒಳ್ಳೆಯದೇ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂನಿಂದ 2 ಕೆ.ಜಿ.ವರೆಗಿನದು ಮೈಕ್ರೋ. ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ಹೊರಡುವ ದಿನವೇ ಡ್ರೋನ್ ವಲಯಗಳ ನಕ್ಷೆ ನೋಡಿ. ಬೆಂಗಳೂರಿನಲ್ಲಿ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ವಿಮಾನ ನಿಲ್ದಾಣಗಳೆಲ್ಲ ಹತ್ತಿರ ಹತ್ತಿರ. ಹಸಿರು ಜಾಗ ಸಿಗಲು ಊರು ದಾಟಬೇಕಾಗುತ್ತದೆ.

ಶುರು ಮಾಡುವವರು ಮೊದಲು ರೇಡಿಯೋ ಕೊಳ್ಳಿ, ಕ್ವಾಡ್ ಅಲ್ಲ. ಅದನ್ನು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಿ ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಿ. ಅಲ್ಲಿ ಎಷ್ಟು ಸಲ ಬಿದ್ದರೂ ಖರ್ಚಿಲ್ಲ. ಆಮೇಲೆ ಕೋರೋ ಶೀಟ್ ಅಥವಾ ಸನ್‌ಬೋರ್ಡ್ ಅನ್ನೋ ಹಗುರ ಪ್ಲಾಸ್ಟಿಕ್ ಹಾಳೆಯಲ್ಲಿ, ಕಲಿಯಲು ಒಂದು ಟ್ರೈನರ್ ವಿಮಾನ ಕಟ್ಟಿ. ಹಾಳೆ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಮೋಟರ್, ಇಎಸ್‌ಸಿ, ಸರ್ವೋಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಬೆಳಗ್ಗೆ ಸುತ್ತಿ. ಆನ್ ಮಾಡುವಾಗ ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ವಿಮಾನದ ಬ್ಯಾಟರಿ. ಇಳಿದ ಮೇಲೆ ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಟ್ರಾನ್ಸ್‌ಮಿಟರ್ ಆಫ್.

ಎಲ್ಲಕ್ಕಿಂತ ಮುಂಚೆ ಬೆಸುಗೆ ಹಾಕುವುದು ಬರಬೇಕು. ಸಾಲ್ಡರಿಂಗ್ ಐರನ್, ಸೀಸ, ಕೆಟ್ಟುಹೋದ ನಾಲ್ಕಾರು ಬೋರ್ಡ್ ತಂದಿದ್ದೇನೆ. ಬ್ಯಾಟರಿಯ ಎಕ್ಸ್‌ಟಿ60 ಕನೆಕ್ಟರ್‌ಗೆ ದಪ್ಪ ತಂತಿ ಬೆಸೆಯುವುದು ಎಲ್ಲರಿಗೂ ಮೊದಮೊದಲು ಕಷ್ಟ. ಪಿನ್ ಚೆನ್ನಾಗಿ ಕಾಯದೆ ಸೀಸ ಹಿಡಿಯುವುದಿಲ್ಲ, ಜಾಸ್ತಿ ಕಾಯಿಸಿದರೆ ಪ್ಲಾಸ್ಟಿಕ್ ಕರಗುತ್ತದೆ. ಇನ್ನೊಂದು ಕನೆಕ್ಟರನ್ನು ಎದುರಿಗೆ ಸಿಕ್ಕಿಸಿಟ್ಟು ಬೆಸೆದರೆ ಪಿನ್ ಅಲುಗುವುದಿಲ್ಲ. ಮಾಡಿ ನೋಡಬೇಕು ಅನ್ನುವವರು ಇಲ್ಲೇ ಉಳಿದುಕೊಳ್ಳಿ, ಆ ಬದಿಯ ಮೇಜಿನಲ್ಲಿ ಒಬ್ಬೊಬ್ಬರಾಗಿ ಮಾಡೋಣ.